ಕಾಡಿನಲ್ಲಿ ಒಂದು ರಾತ್ರಿ: ಡೇರೆ ಹೂಡುವ ಮುನ್ನ ತಿಳಿಯಬೇಕಾದದ್ದು

ಮಳೆಗಾಲ ಕಳೆದು ಆಕಾಶ ತಿಳಿಯಾದ ಬೆಳಿಗ್ಗೆ ತೆಕ್ಕಟ್ಟೆಯ ಹೆದ್ದಾರಿಯ ಬದಿಯಲ್ಲಿ ನಿಂತು ಮೂಡುದಿಕ್ಕಿಗೆ ಮುಖ ಮಾಡಿದರೆ, ಗದ್ದೆ ಮತ್ತು ತೆಂಗಿನ ತೋಟಗಳ ಆಚೆಗೆ ಘಟ್ಟದ ಸಾಲು ನೀಲಿ ಗೆರೆಯಂತೆ ಕಾಣುತ್ತದೆ. ನಮಗೆ ಅದು ದಿನನಿತ್ಯದ ನೋಟ. ಆದರೆ ಈಚಿನ ವರ್ಷಗಳಲ್ಲಿ ಬೆಂಗಳೂರಿನ ರಾತ್ರಿ ಬಸ್ಸಿನಿಂದ ಇಳಿಯುವ ತರುಣರು ಆ ಗೆರೆಯನ್ನು ಬೇರೆ ಕಣ್ಣಿನಿಂದ ನೋಡುತ್ತಾರೆ. ಅವರ ಬೆನ್ನಿಗೆ ಆಳೆತ್ತರದ ಚೀಲ, ಚೀಲಕ್ಕೆ ಕಟ್ಟಿದ ಡೇರೆಯ ಸುರುಳಿ. ಚಹಾದ ಅಂಗಡಿಯಲ್ಲಿ ಕುಳಿತು ಅವರು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: "ಜನ ಇಲ್ಲದ ಕಾಡಿನೊಳಗೆ ಡೇರೆ ಹಾಕಿ ಎರಡು ದಿನ ಇರಲು ಜಾಗ ಎಲ್ಲಿದೆ?"

ಸಿದ್ದಾಪುರ, ಹೊಸಂಗಡಿ, ಅಮಾಸೆಬೈಲು, ಜಡ್ಕಲ್, ಕೊಲ್ಲೂರು ಕಡೆಗಳಲ್ಲಿ ಅಡಿಕೆ ತೋಟವಿರುವ ಸದಸ್ಯರನ್ನೂ ಘಟ್ಟದ ಮೇಲಿನ ಕಾಫಿ ಬೆಳೆಗಾರರನ್ನೂ ಇದೇ ಪ್ರಶ್ನೆ ಹುಡುಕಿಕೊಂಡು ಬರುತ್ತಿದೆ. ಕೇಳುವವರು ಕೆಲವೊಮ್ಮೆ ಅಪರಿಚಿತರು, ಹೆಚ್ಚಿನ ಸಲ ನಮ್ಮದೇ ಅಳಿಯಂದಿರು, ಮೊಮ್ಮಕ್ಕಳು ಮತ್ತು ಅವರ ಸ್ನೇಹಿತರು. ಏನು ಉತ್ತರ ಕೊಡಬೇಕು ಎಂಬುದು ತಿಳಿಯದೆ ಹಲವರು "ಹೋಗಿ ಬನ್ನಿ" ಎಂದುಬಿಡುತ್ತಾರೆ. ನಾವೂ ಒಮ್ಮೆ ಹಾಗೆಯೇ ಅಂದು ಪಾಠ ಕಲಿತದ್ದರಿಂದ ಈ ಲೇಖನವನ್ನು ಬರೆಯುತ್ತಿದ್ದೇವೆ.

ಇದು ಎಂಥ ವಾಸ?

ಬಾಡಿಗೆಯ ಕೋಣೆ, ನಲ್ಲಿ, ಶೌಚಾಲಯ, ಕಾವಲುಗಾರ ಯಾವುದೂ ಇಲ್ಲದೆ, ಗೊತ್ತುಪಡಿಸಿದ ಜಾಗವೂ ಇಲ್ಲದೆ, ಕಾಡಿನಲ್ಲಿ ತನಗೆ ಸರಿಕಂಡಲ್ಲಿ ತಂಗುವ ಪದ್ಧತಿ ಹೊರದೇಶಗಳಲ್ಲಿ ಬಹುಕಾಲದಿಂದ ಇದೆ. ಅಮೆರಿಕದ ರಾಷ್ಟ್ರೀಯ ಅರಣ್ಯಗಳ ಬಹುಭಾಗದಲ್ಲಿ ಇದಕ್ಕೆ ಅವಕಾಶವುಂಟು. ಸಾಮಾನ್ಯವಾಗಿ ಒಂದೆಡೆ 14 ದಿನಗಳಿಗಿಂತ ಹೆಚ್ಚು ಇರಬಾರದೆಂದು ಮಿತಿ ಹಾಕಿರುತ್ತಾರೆ. ನಾರ್ವೆ ದೇಶದಲ್ಲಿ 1957ರ ಒಂದು ಕಾಯ್ದೆಯ ಪ್ರಕಾರ ಬೇಲಿಯಿಲ್ಲದ ಗುಡ್ಡಗಾಡಿನಲ್ಲಿ ಯಾರೂ ಡೇರೆ ಹೂಡಬಹುದು, ಆದರೆ ವಾಸದ ಮನೆಯಿಂದ 150 ಮೀಟರಿಗಿಂತ ಹತ್ತಿರ ಇರಕೂಡದು.

ಆ ದೇಶಗಳ ಅನುಭವದಿಂದ ಕೆಲವು ಒಳ್ಳೆಯ ನಿಯಮಗಳು ಹುಟ್ಟಿವೆ. ತಂದದ್ದನ್ನೆಲ್ಲ ಮರಳಿ ಒಯ್ಯಬೇಕು. ನೀರಿನಿಂದ ಸುಮಾರು 200 ಅಡಿ, ಅಂದರೆ 60 ಮೀಟರು ದೂರದಲ್ಲಿ ತಂಗಬೇಕು. ಮಲವಿಸರ್ಜನೆಗೆ 6ರಿಂದ 8 ಅಂಗುಲ ಆಳದ ಗುಂಡಿ ತೋಡಿ ಮುಚ್ಚಬೇಕು. ಎದ್ದು ಹೋದ ಮೇಲೆ ಅಲ್ಲಿ ಯಾರೋ ಮಲಗಿದ್ದರೆಂಬ ಗುರುತೇ ಉಳಿಯಬಾರದು. ಈ ನಿಯಮಗಳನ್ನು ನಮ್ಮ ಮಕ್ಕಳು ಮೊಬೈಲಿನಲ್ಲಿ ನೋಡಿ ಬಾಯಿಪಾಠ ಮಾಡಿರುತ್ತಾರೆ. ಆದರೆ ಆ ನಿಯಮಗಳು ಹುಟ್ಟಿದ ನೆಲ ಬೇರೆ, ನಮ್ಮ ನೆಲ ಬೇರೆ. ಅಲ್ಲಿ ಮೈಲುಗಟ್ಟಲೆ ಮನೆಗಳಿಲ್ಲದ ಪ್ರದೇಶಗಳಿವೆ. ನಮ್ಮ ಘಟ್ಟದ ಬುಡದಲ್ಲಿ ಜನವಿಲ್ಲದಂತೆ ಕಾಣುವ ಯಾವ ಹಳ್ಳವನ್ನು ಹಿಡಿದು ಕೆಳಗಿಳಿದರೂ ಒಂದಲ್ಲ ಒಂದು ಅಡಿಕೆ ತೋಟ, ಒಂದು ಬಾವಿ, ಒಂದು ಮನೆ ಸಿಕ್ಕಿಯೇ ಸಿಗುತ್ತದೆ.

ಹಿಂದಿನವರು ಕಾಡಿನಲ್ಲಿ ಮಲಗುತ್ತಿರಲಿಲ್ಲವೇ?

ಮಲಗುತ್ತಿದ್ದರು. ಜೇನು ಕೀಳುವವರು, ಉಪ್ಪಾಗೆ ಹೆಕ್ಕುವವರು, ಕಳೆದುಹೋದ ದನವನ್ನು ಹುಡುಕಿ ಹೊರಟವರು, ಘಟ್ಟದ ದಾರಿಯಲ್ಲಿ ಕತ್ತಲಾದವರು ಕಾಡಿನಲ್ಲಿ ರಾತ್ರಿ ಕಳೆಯುವುದು ಸಾಮಾನ್ಯವಾಗಿತ್ತು. 1,343 ಮೀಟರು ಎತ್ತರದ ಕೊಡಚಾದ್ರಿಗೆ ನಡೆದು ಹೋದವರು ಮೇಲಿನ ಅರ್ಚಕರ ಮನೆಯಲ್ಲಿ ಊಟ ಮಾಡಿ ಜಗಲಿಯಲ್ಲಿ ಮಲಗಿ, ಬೆಳಿಗ್ಗೆ ಸರ್ವಜ್ಞ ಪೀಠಕ್ಕೆ ಹೋಗಿ ಇಳಿಯುತ್ತಿದ್ದರು.

ಅವರು ಕೆಲವು ರೀತಿನೀತಿಗಳನ್ನು ಪಾಲಿಸುತ್ತಿದ್ದರು. ತರಗೆಲೆಯ ಮೇಲೆ ಮಲಗದೆ ಹಾಸುಬಂಡೆಯನ್ನು ಹುಡುಕುತ್ತಿದ್ದರು. ಕುಡಿಯುವ ನೀರನ್ನು ಮೇಲಿನಿಂದ ತೆಗೆದು, ಕೈಕಾಲು ತೊಳೆಯುವುದನ್ನು ಕೆಳಗೆ ಮಾಡುತ್ತಿದ್ದರು. ಒಲೆಯ ಬೂದಿಗೆ ನೀರು ಹೊಯ್ದಲ್ಲದೆ ಎದ್ದು ಹೋಗುತ್ತಿರಲಿಲ್ಲ. ಹಾಗೆಂದು ಹಿಂದಿನದೆಲ್ಲವೂ ನಿರ್ದೋಷವಾಗಿತ್ತೆಂದು ನಾವು ಹೇಳುವುದಿಲ್ಲ. ಉಪ್ಪಾಗೆಯ ಸಿಪ್ಪೆಯನ್ನು ಮಳೆಗಾಲದಲ್ಲಿ ಒಣಗಿಸಲು ಕಾಡಿನಲ್ಲೇ ಕೊಟ್ಟಿಗೆ ಕಟ್ಟಿ ಸುಟ್ಟ ಕಟ್ಟಿಗೆಗೆ ಲೆಕ್ಕವಿಲ್ಲ. ಆದರೆ ಹೋದವರು ಬೆರಳೆಣಿಕೆಯವರು, ಅವರ ಬುತ್ತಿ ಬಾಳೆ ಎಲೆಯಲ್ಲಿತ್ತು, ಅವರು ಬಿಟ್ಟದ್ದು ಮುಂದಿನ ಮಳೆಗೆ ಮಣ್ಣಾಗುತ್ತಿತ್ತು. ಇಂದು ಹೋಗುವವರ ಸಂಖ್ಯೆಯೂ ಬೇರೆ, ಬುತ್ತಿಯೂ ಬೇರೆ.

ನಮ್ಮ ತಪ್ಪು

ಕೆಲವು ವರ್ಷಗಳ ಹಿಂದೆ, ಮಾರ್ಚ್ ತಿಂಗಳಲ್ಲಿ, ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ನಮ್ಮ ಅಕ್ಕನ ಮಗ ಐದಾರು ಮಂದಿ ಸ್ನೇಹಿತರೊಡನೆ ಬಂದ. ಘಟ್ಟದ ಬುಡದಲ್ಲಿರುವ ನಮ್ಮ ತೋಟದ ಮೇಲ್ಭಾಗದಲ್ಲಿ, ಹಳ್ಳದ ಬದಿಯ ಕುಮ್ಕಿ ಜಾಗದಲ್ಲಿ, ಎರಡು ರಾತ್ರಿ ಡೇರೆ ಹಾಕಿಕೊಳ್ಳಲೇ ಎಂದು ಕೇಳಿದ. ಒಳ್ಳೆಯ ಹುಡುಗರು. ಕುಡಿತದ ಗಲಾಟೆ ಇಲ್ಲ, ಹಾಡಿನ ಪೆಟ್ಟಿಗೆ ಇಲ್ಲ. ನಾವು ಸಂತೋಷದಿಂದ ಒಪ್ಪಿದೆವು. ಅವರು ಹೋಗುವಾಗ ಪ್ಲಾಸ್ಟಿಕ್ಕನ್ನೆಲ್ಲ ಚೀಲಕ್ಕೆ ತುಂಬಿಕೊಂಡೇ ಹೋದರು.

ಅವರು ಹೋದ ಮರುದಿನ ನಮ್ಮಲ್ಲಿ ಬಹುಕಾಲದಿಂದ ಕೆಲಸಕ್ಕಿರುವ ಹಿರಿಯರು ನೀರಿನ ಪೈಪಿನ ಬಾಯಿಗೆ ಕಟ್ಟಿದ ಕಸ ತೆಗೆಯಲು ಮೇಲೆ ಹೋದರು. ಮಧ್ಯಾಹ್ನವಾದರೂ ಬರಲಿಲ್ಲ. ಬಂದಾಗ ಮೈಯೆಲ್ಲ ಮಸಿ. ಹುಡುಗರು ಒಲೆಗೆ ಮಣ್ಣು ಮುಚ್ಚಿ ಹೋಗಿದ್ದರು, ನೀರು ಹೊಯ್ದಿರಲಿಲ್ಲ. ಕೆಂಡ ಮಣ್ಣಿನಡಿಯಲ್ಲಿ ಹಳೆಯ ಬೇರೊಂದನ್ನು ಹಿಡಿದು ನಾಲ್ಕು ಮಾರು ಆಚೆಗೆ ತರಗೆಲೆಯಲ್ಲಿ ಹೊಗೆಯಾಡುತ್ತಿತ್ತು. ಅವರು ಕೊಡದಲ್ಲಿ ನೀರು ಹೊತ್ತು ಅದನ್ನು ಆರಿಸಿದ್ದರು. ಇನ್ನೊಂದು ದಿನ ಯಾರೂ ಮೇಲೆ ಹೋಗದಿದ್ದರೆ ಏನಾಗುತ್ತಿತ್ತೆಂದು ಬರೆಯಬೇಕಾಗಿಲ್ಲ. ಹುಡುಗರು ಶೌಚಕ್ಕೆ ಗುಂಡಿ ತೋಡಿದ್ದರು, ನಿಜ. ಆದರೆ ಅದು ಪೈಪಿನ ಬಾಯಿಯ ನೇರ ಮೇಲಕ್ಕೆ, ಹಳ್ಳದ ದಂಡೆಯಲ್ಲಿತ್ತು. ಹಿರಿಯರು ಬೈಯಲಿಲ್ಲ. "ಹ್ವಾಯ್, ನಾವ್ ಕುಡುದೂ ಅದೇ ನೀರಲ್ದಾ?" ಎಂದಷ್ಟೇ ಕೇಳಿದರು.

ಆ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ತಪ್ಪು ಹುಡುಗರದ್ದಲ್ಲ. ಪೈಪಿನ ಬಾಯಿ ಎಲ್ಲಿದೆ, ನೀರು ಎಲ್ಲಿಗೆ ಹೋಗುತ್ತದೆ, ಮಾರ್ಚ್ ತಿಂಗಳ ತರಗೆಲೆ ಎಂಥದ್ದು ಎಂದು ಹೇಳಬೇಕಾದವರು ನಾವು. ನಾವು ಹೇಳಿರಲಿಲ್ಲ.

ಕಾನೂನು ಏನು ಹೇಳುತ್ತದೆ?

ಮೊದಲು ತಿಳಿಯಬೇಕಾದದ್ದು ಇದು: ನಮ್ಮ ಸೀಮೆಯ ಸರಕಾರಿ ಕಾಡಿನಲ್ಲಿ ಇಷ್ಟಬಂದಲ್ಲಿ ಡೇರೆ ಹೂಡುವ ಹಕ್ಕು ಯಾರಿಗೂ ಇಲ್ಲ. ಕರ್ನಾಟಕ ಅರಣ್ಯ ಕಾಯ್ದೆ, 1963ರ ಪ್ರಕಾರ ಮೀಸಲು ಅರಣ್ಯದೊಳಗೆ ಅನುಮತಿಯಿಲ್ಲದೆ ಪ್ರವೇಶಿಸುವುದೂ ಬೆಂಕಿ ಹೊತ್ತಿಸುವುದೂ ಅಪರಾಧ. ಅಭಯಾರಣ್ಯಗಳಿಗೆ ಇದರ ಮೇಲೆ ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972 ಅನ್ವಯಿಸುತ್ತದೆ. ಕೊಲ್ಲೂರಿನ ಸುತ್ತಲಿನ ಮೂಕಾಂಬಿಕಾ ಅಭಯಾರಣ್ಯವೂ ಹೆಬ್ರಿ–ಆಗುಂಬೆ ಕಡೆಯ ಸೋಮೇಶ್ವರ ಅಭಯಾರಣ್ಯವೂ 1974ರಲ್ಲಿ ಘೋಷಿತವಾದವು. ಕುದುರೆಮುಖ ರಾಷ್ಟ್ರೀಯ ಉದ್ಯಾನ 1987ರಲ್ಲಿ. ಅಭಯಾರಣ್ಯದೊಳಗೆ ಪ್ರವಾಸ, ಛಾಯಾಗ್ರಹಣ, ಅಧ್ಯಯನ ಮುಂತಾದ ಕಾರಣಗಳಿಗೆ ಇಲಾಖೆಯ ಪರವಾನಗಿ ಪಡೆದೇ ಹೋಗಬೇಕು. ಒಳಗೆ ಸ್ವಂತ ಆಸ್ತಿಯುಳ್ಳವರಿಗೂ ಅವರ ಅವಲಂಬಿತರಿಗೂ, ಸಾರ್ವಜನಿಕ ಹೆದ್ದಾರಿಯಲ್ಲಿ ಹಾದುಹೋಗುವವರಿಗೂ ವಿನಾಯಿತಿಯುಂಟು. ಆದರೆ ಆ ವಿನಾಯಿತಿ ನಮ್ಮ ಮನೆಗೆ ಬಂದ ನೆಂಟರ ಸ್ನೇಹಿತರು ತೋಟದ ಆಚೆ ಕಾಡಿನಲ್ಲಿ ಮಲಗುವುದಕ್ಕೆ ಸಲ್ಲುವುದಿಲ್ಲ.

ಚಾರಣದ ವಿಷಯದಲ್ಲಿಯೂ ನಿಯಮ ಬಿಗಿಯಾಗಿದೆ. 2024ರ ಜನವರಿ ಕೊನೆಯಲ್ಲಿ ಸಾಲು ರಜೆಯಂದು ಕುಮಾರ ಪರ್ವತಕ್ಕೆ ಒಮ್ಮೆಲೇ ಸಾವಿರಾರು ಮಂದಿ ಸೇರಿದ ಬಳಿಕ ಸರಕಾರ ಮುಂಗಡ ನೋಂದಣಿಯಿಲ್ಲದ ಚಾರಣಗಳನ್ನು ತಡೆಹಿಡಿದು, ಅದೇ ವರ್ಷ ಆನ್‌ಲೈನ್ ಟಿಕೆಟಿನ ವ್ಯವಸ್ಥೆ ತಂದು, ಒಂದೊಂದು ದಾರಿಗೆ ದಿನಕ್ಕೆ ಇಂತಿಷ್ಟೇ ಜನ ಎಂಬ ಮಿತಿ ಹಾಕಿತು. ಆದ್ದರಿಂದ ಯಾರೇ ಕೇಳಿದರೂ ಮೊದಲ ಉತ್ತರ: ವಲಯ ಅರಣ್ಯಾಧಿಕಾರಿಯ ಕಚೇರಿಯಲ್ಲಿ ವಿಚಾರಿಸಿ, ಪರವಾನಗಿ ಪಡೆದು, ಇಲಾಖೆ ತೋರಿಸಿದ ಜಾಗದಲ್ಲಿ ಮಾತ್ರ ಉಳಿಯಿರಿ.

ಇನ್ನು ಕುಮ್ಕಿ. ನಮ್ಮ ಎರಡೂ ಜಿಲ್ಲೆಗಳಲ್ಲಿ ಹಳೆಯ ವರ್ಗ ಭೂಮಿಯ ಸುತ್ತ 100 ಗಜದೊಳಗಿನ ಸರಕಾರಿ ಜಾಗದಲ್ಲಿ ಸೊಪ್ಪು, ಸೌದೆ, ಮೇವುಗಳ ಸೌಲಭ್ಯ ಭೂಮಾಲಿಕರಿಗೆ ಮದ್ರಾಸು ಆಡಳಿತದ ಕಾಲದಿಂದ ಬಂದಿದೆ. 1964ರ ಭೂಕಂದಾಯ ಕಾಯ್ದೆಯ 79ನೇ ವಿಧಿಯು ಕುಮ್ಕಿ, ಬಾಣೆ, ಕಾನ, ಬೆಟ್ಟ, ಹಾಡಿ ಮುಂತಾದ ಜಾಗಗಳ ಈ ಸೌಲಭ್ಯವನ್ನು ಉಳಿಸಿದೆ. ಅದು ಸೌಲಭ್ಯವೇ ಹೊರತು ಮಾಲಿಕತ್ವವಲ್ಲ. ಅಲ್ಲಿ ಡೇರೆಗಳಿಗೆ ಬಾಡಿಗೆ ವಸೂಲು ಮಾಡಿದರೆ ಇದ್ದ ಸೌಲಭ್ಯಕ್ಕೂ ಕುತ್ತು ಬಂದೀತು. ನಾವು ಹುಡುಗರಿಗೆ ಕುಮ್ಕಿ ತೋರಿಸಿದ್ದೇ ಸರಿಯಲ್ಲವೆಂದು ಬಳಿಕ ತಿಳಿದುಕೊಂಡೆವು.

ನೀರು

ಕಾನೂನಿಗಿಂತ ಮಿಗಿಲಾದದ್ದು ನೀರು. ಕೊಡಚಾದ್ರಿಯ ನೀರು ಸೌಪರ್ಣಿಕೆಯಾಗಿ ಇಳಿದು, ಬೇರೆ ಹೊಳೆಗಳೊಡನೆ ಗಂಗೊಳ್ಳಿಯ ಬಳಿ ಸಮುದ್ರ ಸೇರುತ್ತದೆ. ಘಟ್ಟದ ಹಳ್ಳಗಳು ದಾರಿಯುದ್ದಕ್ಕೂ ತೋಟಗಳಿಗೆ, ಬಾವಿಗಳಿಗೆ, ಕುಡಿಯುವ ನೀರಿನ ಯೋಜನೆಗಳಿಗೆ ಒದಗುತ್ತವೆ. ಜನವರಿಯಿಂದ ಮೇ ತನಕ, ಡೇರೆಯವರು ಹೆಚ್ಚು ಬರುವ ಕಾಲದಲ್ಲೇ, ಹಳ್ಳ ಸಣ್ಣದಾಗಿರುತ್ತದೆ. ಮಳೆಗಾಲದಲ್ಲಿ ಕೊಚ್ಚಿಹೋಗುವ ಹೊಲಸು ಆಗ ಗುಂಡಿಗಳಲ್ಲಿ ನಿಲ್ಲುತ್ತದೆ. ಸಾಬೂನು, ಸೊಳ್ಳೆಯ ಎಣ್ಣೆ, ಮಲ ಇವೆಲ್ಲ ಮೊದಲು ತಲಪುವುದು ಕೆಳಗಿನ ಮನೆಯ ಪೈಪಿಗೆ.

ಆದುದರಿಂದ 60 ಮೀಟರಿನ ನಿಯಮ ನಮ್ಮಲ್ಲಿ ಸಾಲದು. ಇಳಿಜಾರು ಕಡಿದಾಗಿದ್ದರೆ, ಕೆಳಗೆ ಪೈಪು ಇದ್ದರೆ, ಆ ಹಳ್ಳದ ಕಣಿವೆಯನ್ನೇ ಬಿಟ್ಟು ಬೇರೆ ಮಗ್ಗುಲಲ್ಲಿ ಜಾಗ ನೋಡಬೇಕು. ಮುರಕಲ್ಲಿನ ನೆಲದಲ್ಲಿ ಬಿರುಕುಗಳ ಮೂಲಕ ನೀರು ಬೇಗ ಇಳಿದು ದೂರ ಸಾಗುತ್ತದೆ ಎಂಬುದನ್ನು ಬಾವಿ ತೋಡಿಸಿದವರೆಲ್ಲ ಬಲ್ಲರು.

ಬೆಂಕಿ

ಬೇಸಿಗೆಯಲ್ಲಿ ಕಾಡಿನಲ್ಲಿ ಬೆಂಕಿ ಹಾಕಲೇಕೂಡದು ಎಂಬುದು ನಮ್ಮ ಖಚಿತ ಅಭಿಪ್ರಾಯ. ಘಟ್ಟದ ಮೇಲಿನ ಹುಲ್ಲುಗಾವಲು ಜನವರಿಯ ನಂತರ ಕಡ್ಡಿ ಗೀರಿದರೆ ಹತ್ತುವಂತಿರುತ್ತದೆ. ಬೆಂಕಿ ಏರುದಿಕ್ಕಿನಲ್ಲಿ ಮನುಷ್ಯನ ಓಟಕ್ಕಿಂತ ವೇಗವಾಗಿ ಹೋಗಬಲ್ಲದು. ಆದ್ದರಿಂದ ಮೇಲಕ್ಕೆ ಓಡಿದವನಿಗೆ ರಕ್ಷಣೆಯಿಲ್ಲ. 2018ರ ಮಾರ್ಚ್ 11ರಂದು ತಮಿಳುನಾಡಿನ ತೇಣಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ಚಾರಣಕ್ಕೆ ಹೋದವರನ್ನು ಹುಲ್ಲಿನ ಬೆಂಕಿ ಸುತ್ತುವರಿದು 20ಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. 2019ರ ಫೆಬ್ರವರಿಯಲ್ಲಿ ನಮ್ಮ ಬಂಡೀಪುರದಲ್ಲಿ ಸಾವಿರಾರು ಎಕರೆ ಕಾಡು ಸುಟ್ಟಿತು.

ತೋಟದ ಅಂಗಳದಲ್ಲಿ ಒಲೆ ಹೂಡುವುದಾದರೂ ಸುತ್ತ ಐದಾರು ಮಾರು ತರಗೆಲೆ ಗುಡಿಸಿರಬೇಕು, ಕೊಡ ನೀರು ಪಕ್ಕದಲ್ಲಿರಬೇಕು. ಆರಿಸುವಾಗ ಮಣ್ಣು ಮುಚ್ಚುವುದು ಸಾಲದು. ನೀರು ಹೊಯ್ದು, ಕೋಲಿನಿಂದ ಕಲಸಿ, ಮತ್ತೆ ನೀರು ಹೊಯ್ದು, ಹಿಂಗೈಯನ್ನು ಹತ್ತಿರ ಹಿಡಿದು ಬಿಸಿ ತಗಲದಿರುವುದನ್ನು ಖಚಿತಪಡಿಸಿಕೊಂಡೇ ಏಳಬೇಕು.

ಉಣ್ಣೆ ಮತ್ತು ಮಂಗನ ಕಾಯಿಲೆ

ಹೊರದೇಶದ ಪುಸ್ತಕಗಳಲ್ಲಿ ಸಿಗದ ಎಚ್ಚರಿಕೆ ಇದು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದಾಗ ಮೊದಲು ಗುರುತಿಸಲ್ಪಟ್ಟ ಈ ರೋಗ ಉಣ್ಣೆಗಳ ಕಡಿತದಿಂದ ಮನುಷ್ಯರಿಗೆ ಹರಡುತ್ತದೆ. 1982–83ರಲ್ಲಿ ಬೆಳ್ತಂಗಡಿ ತಾಲೂಕಿನಲ್ಲಿ ಅದು ತಲೆದೋರಿತ್ತು. 2018ರ ಕೊನೆ ಮತ್ತು 2019ರಲ್ಲಿ ಸಾಗರ ತಾಲೂಕಿನ ಅರಳಗೋಡು ಪ್ರದೇಶದಲ್ಲಿ ಹಲವರು ಅದಕ್ಕೆ ಬಲಿಯಾದರು. ರೋಗ ತಗಲಿದವರಲ್ಲಿ ನೂರಕ್ಕೆ 3ರಿಂದ 5 ಮಂದಿ ಸಾಯುತ್ತಾರೆ. ಹಿಂದೆ ಕೊಡುತ್ತಿದ್ದ ಲಸಿಕೆಯು ಸಾಕಷ್ಟು ಪರಿಣಾಮಕಾರಿಯಲ್ಲವೆಂದು ಅದನ್ನು ನಿಲ್ಲಿಸಲಾಯಿತು.

ರೋಗದ ಕಾಲ ಡಿಸೆಂಬರಿನಿಂದ ಮೇ ತನಕ. ಡೇರೆಯ ಕಾಲವೂ ಅದೇ. ಎಳೆಯ ಉಣ್ಣೆಗಳು ಸಾಸಿವೆಗಿಂತ ಸಣ್ಣವು, ತರಗೆಲೆಯಲ್ಲಿ ಇರುತ್ತವೆ. ತರಗೆಲೆಯ ಮೇಲೆ ಕೂರುವುದು, ಮಲಗುವುದು ಅವುಗಳಿಗೆ ಮೈಯೊಡ್ಡಿದಂತೆ. ಮೈತುಂಬ ಬಟ್ಟೆ, ಕಾಲುಚೀಲದೊಳಗೆ ತುರುಕಿದ ಪ್ಯಾಂಟು, ಆರೋಗ್ಯ ಇಲಾಖೆಯವರು ಕೊಡುವ ಉಣ್ಣೆ ನಿರೋಧಕ ಎಣ್ಣೆ, ಮರಳಿದೊಡನೆ ಬಿಸಿನೀರಿನ ಸ್ನಾನ, ಬಟ್ಟೆಗಳನ್ನು ಬಿಸಿನೀರಿನಲ್ಲಿ ಒಗೆಯುವುದು ಇವು ಕಡ್ಡಾಯ. ತೋಟಕ್ಕೆ ಸೊಪ್ಪು, ತರಗು ತರುವ ನಮ್ಮ ಕೆಲಸದವರಿಗೂ ಇದೇ ಎಚ್ಚರಿಕೆ ಸಲ್ಲುತ್ತದೆ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ಕಾಡಿಗೆ ಹೋಗಿ ಬಂದು ಒಂದು ವಾರ, ಹತ್ತು ದಿನಗಳೊಳಗೆ ಜ್ವರ, ತೀವ್ರ ತಲೆನೋವು, ಮೈಕೈ ನೋವು ಬಂದರೆ, ಬೆಂಗಳೂರಿನ ವೈದ್ಯರಿಗೂ "ಘಟ್ಟದ ಕಾಡಿನಲ್ಲಿ ಮಲಗಿದ್ದೆ" ಎಂದು ಹೇಳಲು ಮರೆಯಬಾರದು. ಹೇಳದಿದ್ದರೆ ಅವರು ಊಹಿಸಲಾರರು.

ಹಾವು, ಪ್ರಾಣಿ, ಮಳೆ

ಕಟ್ಟು ಹಾವು ರಾತ್ರಿ ನೆಲದಲ್ಲಿ ಮಲಗಿದವರನ್ನು ಕಚ್ಚುತ್ತದೆ. ನೋವು ಅಷ್ಟಾಗಿ ಗೊತ್ತಾಗದೆ ಬೆಳಿಗ್ಗೆ ರೆಪ್ಪೆ ಜೋಲುವುದು, ಉಸಿರು ಕಟ್ಟುವುದು ಶುರುವಾಗುತ್ತದೆ. ಕಾಫಿ ಮತ್ತು ಅಡಿಕೆ ತೋಟಗಳಲ್ಲಿ ಸಾಮಾನ್ಯವಾದ ಮೊಂಡುಮೂಗಿನ ಗುಳಿಮಂಡಲದ ವಿಷಕ್ಕೆ ಈಗ ದೊರಕುವ ಮದ್ದು ನಾಟುವುದಿಲ್ಲ. ಡೇರೆಯ ಜಿಪ್ಪನ್ನು ಸದಾ ಮುಚ್ಚಿಡುವುದು, ಕತ್ತಲಲ್ಲಿ ಟಾರ್ಚಿಲ್ಲದೆ ಕಾಲಿಡದಿರುವುದು, ಬೂಟನ್ನು ಕೊಡವಿ ತೊಡುವುದು ಮದ್ದಿಗಿಂತ ಮೇಲು. ಕಚ್ಚಿದರೆ ಕುಯ್ಯದೆ, ಬಿಗಿಯಾಗಿ ಕಟ್ಟದೆ, ಅಲುಗಾಡಿಸದೆ ಆಸ್ಪತ್ರೆಗೆ ಒಯ್ಯಬೇಕು. ಮೊಬೈಲಿಗೆ ಸಂಪರ್ಕವಿಲ್ಲದ, ಜೀಪು ಬರಲಾರದ ಜಾಗದಲ್ಲಿ ಅದು ಹೇಗೆ ಸಾಧ್ಯವೆಂದು ಹೊರಡುವ ಮೊದಲೇ ಯೋಚಿಸಬೇಕು.

ಕಾಡುಕೋಣ ಮತ್ತು ಹಂದಿಗಳ ದಾರಿಯಲ್ಲಿ, ಒಣ ಕೊಂಬೆಗಳ ಕೆಳಗೆ, ಹಳ್ಳದ ಮರಳಿನಲ್ಲಿ ಡೇರೆ ಹಾಕಬಾರದು. ಏಪ್ರಿಲ್–ಮೇಯಲ್ಲಿ ಕೆಳಗೆ ನಕ್ಷತ್ರ ಕಾಣುತ್ತಿರುವಾಗಲೇ ಮೇಲೆ ಸುರಿದ ಮಳೆಯ ನೀರು ಒಮ್ಮೆಲೇ ಬರುವುದುಂಟು. ವರ್ಷಕ್ಕೆ 7,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುವ ಆಗುಂಬೆಯ ಸುತ್ತ ಮಳೆಗಾಲದಲ್ಲಿ ಡೇರೆಯ ಮಾತೇ ಬೇಡ. ಆನೆ ಓಡಾಡುವ ಕಡೆಯ ಕಾಫಿ ಬೆಳೆಗಾರ ಬಂಧುಗಳಿಗೆ ನಾವು ಹೇಳಿಕೊಡಬೇಕಾದದ್ದು ಏನೂ ಇಲ್ಲ.

ಹಾಗಾದರೆ ಬೇಡವೆನ್ನಬೇಕೇ?

ಬೇಡವೆನ್ನುವುದು ನಮ್ಮ ಉದ್ದೇಶವಲ್ಲ. ಊರು ಬಿಟ್ಟುಹೋದ ಮಕ್ಕಳು ವರ್ಷಕ್ಕೊಮ್ಮೆಯಾದರೂ ಕಾಡಿನ ರಾತ್ರಿಯ ಸದ್ದನ್ನು ಕೇಳಲು ಬಯಸುವುದು ಒಳ್ಳೆಯದೇ. ತೋಟ ಏನೆಂದು ತಿಳಿಯದ ಮಗ ಮುಂದೆ ಅದನ್ನು ಮಾರಿಯಾನೇ ಹೊರತು ನೋಡಿಕೊಳ್ಳಲಾರ. ಆದ್ದರಿಂದ ನಮ್ಮ ಸಲಹೆ ಹೀಗಿದೆ: ಕಾಡಿನೊಳಗಲ್ಲ, ಕಾಡಿನ ಅಂಚಿನ ನಮ್ಮ ಪಟ್ಟಾ ಜಾಗದಲ್ಲಿ ಡೇರೆಗೆ ಎಡೆ ಕೊಡೋಣ. ಅಡಿಕೆ ಒಣಗಿಸುವ ಅಂಗಳ ಇದಕ್ಕೆ ಬಹು ಉತ್ತಮ. ತರಗೆಲೆ ಇಲ್ಲ, ಉಣ್ಣೆಯ ಭಯ ಕಡಿಮೆ, ನೀರು ಮತ್ತು ಶೌಚಾಲಯ ಹತ್ತಿರ. ಊಟ ಹಾಳೆಯ ತಟ್ಟೆಯಲ್ಲಿರಲಿ. ತಿಂದ ಮೇಲೆ ಗೊಬ್ಬರದ ಗುಂಡಿಗೆ ಹೋಗಲಿ. ಹಣ ಪಡೆದು ಅತಿಥಿಗಳನ್ನು ಇರಿಸಿಕೊಳ್ಳುವವರು ಗ್ರಾಮ ಪಂಚಾಯತಿಯಲ್ಲಿಯೂ ಪ್ರವಾಸೋದ್ಯಮ ಇಲಾಖೆಯಲ್ಲಿಯೂ ವಿಚಾರಿಸಿ ಬೇಕಾದ ನೋಂದಣಿ ಮಾಡಿಸಿಕೊಳ್ಳಲಿ.

ಎಲ್ಲಕ್ಕೂ ಮೊದಲು, ಬಂದವರನ್ನು ಸಂಜೆಯ ಬೆಳಕಿರುವಾಗಲೇ ಹಳ್ಳದ ಉದ್ದಕ್ಕೂ ಒಮ್ಮೆ ನಡೆಸಿಕೊಂಡು ಹೋಗಿ. ಪೈಪಿನ ಬಾಯಿ ತೋರಿಸಿ, ಅದು ಇಳಿದು ಬರುವ ದಾರಿ ತೋರಿಸಿ, ಕೆಳಗಿನ ಮನೆಗಳನ್ನು ತೋರಿಸಿ. ನೀರಿನ ಮೇಲ್ಗಡೆ ಮಲಗಿದವನು ಕೆಳಗಿನವರೆಲ್ಲರ ಅತಿಥಿ ಎಂಬುದನ್ನು ಅದಕ್ಕಿಂತ ಚೆನ್ನಾಗಿ ಹೇಳಲು ನಮಗೆ ಬೇರೆ ಮಾರ್ಗ ತೋಚುವುದಿಲ್ಲ.

ನಮ್ಮ ಅಕ್ಕನ ಮಗ ಕಳೆದ ವರ್ಷ ಮತ್ತೆ ಬಂದಿದ್ದ. ಡೇರೆ ಅಂಗಳದಲ್ಲಿತ್ತು. ಬೆಳಿಗ್ಗೆ ಎದ್ದು ಆ ಹಿರಿಯರೊಡನೆ ಮೇಲೆ ಹೋಗಿ ಪೈಪಿನ ಬಾಯಿಯ ಕಸ ತೆಗೆದು ಬಂದ. ಸದಸ್ಯ ಬಂಧುಗಳು ತಮ್ಮ ಮನೆಗೆ ಬರುವ ತರುಣರಿಗೆ ಈ ಮಾತುಗಳನ್ನು ತಿಳಿಸುವರೆಂದು ನಂಬಿದ್ದೇವೆ.